ಏಳೂ ನಲವತ್ತೊಂದಕ್ಕೆ ಬರುವ ಚಂದ್ರ

ಆಕಾಶ ನೋಡುವ ಹುಚ್ಚು ಹತ್ತಿಸಿಕೊಳ್ಳುವವರು ಮೊದಲು ಸರಿಯಾದ ಊರು ನೋಡಿಕೊಂಡು ಹುಟ್ಟಬೇಕು. ಅರಸೀಕೆರೆ ಕಡೆ ಎಲ್ಲಾದರೂ ಹುಟ್ಟಿದ್ದರೆ ವರ್ಷದ ಮುಕ್ಕಾಲು ಭಾಗ ನಕ್ಷತ್ರ ಎಣಿಸಿಕೊಂಡು ಸುಖವಾಗಿರಬಹುದಿತ್ತು. ಲಾನ್ಸಿಗೆ ಅಷ್ಟು ಮುಂದಾಲೋಚನೆ ಇರಲಿಲ್ಲ. ಅವನ ತಾತ ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬಂದು ಹೆಗ್ಗದ್ದೆ ಮಗ್ಗುಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಕೂತುಬಿಟ್ಟರು. ಮೊಮ್ಮಗ ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಈಗ ಐವತ್ತೆಂಟರ ವಯಸ್ಸಿನಲ್ಲಿ ಅಲ್ಲೇ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದಾನೆ. ಅಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ನವೆಂಬರಿನಿಂದ ಮಂಜು, ಇವೆರಡೂ ಇಲ್ಲದ ದಿನ ಆನೆ. ಇಂಥ ಜಾಗದಲ್ಲಿ ಕೂತು ಆ ಮನುಷ್ಯ ದೂರದರ್ಶಕ ಕಟ್ಟಿದ.

ಕಟ್ಟಿದ ಎಂದರೆ ನಿಜವಾಗಿಯೂ ಕಟ್ಟಿದ. ಎಸ್ಟೇಟಿಗೆ ನೀರಿನ ಲೈನು ಎಳೆದಾಗ ಮಿಕ್ಕಿದ್ದ ದಪ್ಪನೆಯ ಪಿವಿಸಿ ಪೈಪು, ಅಂಚೆಯಲ್ಲಿ ತರಿಸಿಕೊಂಡ ಕನ್ನಡಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಾಳಾದ ಪಲ್ಪರ್ ಯಂತ್ರದ ಕಬ್ಬಿಣದ ಕಾಲು. ಪೈಪಿನ ತಳದಲ್ಲಿ ಕನ್ನಡಿ, ಮೇಲ್ತುದಿಯ ಪಕ್ಕದಲ್ಲಿ ಕಣ್ಣಿಡುವ ಮಸೂರ. ಮೊದಲ ಸಲ ಅದನ್ನು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ ಬೇಲಿಯಾಚೆ ತಿರುಗಿಸಿದಾಗ, ಆನೆಗೆ ಹೊಡೆಯಲು ಸಾಹುಕಾರರು ಏನೋ ಹೊಸ ಸಾಮಾನು ತರಿಸಿದ್ದಾರೆಂದು ಕೂಲಿಯವರ ಸಾಲುಮನೆಗಳಿರುವ ಲೈನಿನವರೆಲ್ಲ ಸಂತೋಷಪಟ್ಟರು. ಬರೀ ನೋಡುವುದಕ್ಕೆ ಎಂದು ಗೊತ್ತಾದ ಮೇಲೆ ಸಂತೋಷ ಇಳಿಯಿತು, ಫಿರಂಗಿ ಎಂಬ ಹೆಸರು ಮಾತ್ರ ಉಳಿಯಿತು. ಇದೆಲ್ಲ ಹನ್ನೊಂದು ವರ್ಷದ ಹಿಂದಿನ ಮಾತು.

ಲಾನ್ಸಿಯ ಹುಚ್ಚು ಫಿರಂಗಿಗೆ ಮುಗಿಯುವಂಥದ್ದಲ್ಲ. ಹಲ್ಲು ತೋರಿಸಲು ಹಾಸನಕ್ಕೆ ಹೋದರೂ ಆಟೋ ಮಾಡಿಕೊಂಡು ಹೋಗಿ, ಇಸ್ರೋ ಕಾಂಪೌಂಡಿನಾಚೆ ಕಾಣುವ ಬುಟ್ಟಿಯಂಥ ದೊಡ್ಡ ದೊಡ್ಡ ಆಂಟೆನಾಗಳನ್ನು ನೋಡಿಕೊಂಡು ಬರುತ್ತಿದ್ದ. ಚಂದ್ರಯಾನ ಚಂದ್ರನ ಮೇಲೆ ಇಳಿದ ಸಂಜೆಯಂತೂ ಅವನಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಫೋನಿನಲ್ಲಿ ನೋಡುತ್ತಿದ್ದವನು ಎದ್ದು ಓಡಿ ಹಾಜರಿ ಗಂಟೆಯನ್ನು ಕೈಸೋಲುವ ತನಕ ಬಾರಿಸಿಬಿಟ್ಟ. ಎಸ್ಟೇಟಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆದರೆ ಆನೆ ಬಂತು ಎಂದೇ ಲೆಕ್ಕ. ಲೈನಿನ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಬಾಗಿಲು ಹಾಕಿಕೊಂಡರು, ಮೇಸ್ತ್ರಿ ಲಕ್ಕಯ್ಯ ಸಿಲ್ವರ್ ಓಕ್ ಮರ ಹತ್ತಿದ. ದೇಶ ಚಂದ್ರನ ಮೇಲಿಳಿದ ಗಳಿಗೆಯಲ್ಲಿ ಲಕ್ಕಯ್ಯನನ್ನು ಮರದಿಂದ ಇಳಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು.

ಜನರಿಗೆ ಆಕಾಶ ತೋರಿಸಬೇಕೆಂದು ಲಾನ್ಸಿ ಹನ್ನೊಂದು ವರ್ಷದಲ್ಲಿ ಇಪ್ಪತ್ಮೂರು ಸಲ ಎಲ್ಲರನ್ನೂ ಕರೆದಿದ್ದ. ಇಪ್ಪತ್ಮೂರು ಸಲವೂ ಮೋಡ ಮುಚ್ಚಿತ್ತು. ಒಬ್ಬನೇ ಇದ್ದ ದಿನ ಆಕಾಶ ತೊಳೆದಿಟ್ಟಂತೆ ಇರುತ್ತಿತ್ತು, ಶನಿಯ ಬಳೆ ಉಂಗುರದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ನಾಲ್ಕು ಜನಕ್ಕೆ ಹೇಳಿದನೋ, ಅವತ್ತು ಜನವರಿಯಾದರೂ ಹನಿ ಹಾಕುತ್ತಿತ್ತು. ಕ್ರಮೇಣ ಜನ ಬರುವುದನ್ನೇ ಬಿಟ್ಟರು. ಸಕಲೇಶಪುರ ಪೇಟೆಯಲ್ಲಿ ಕಾಫಿ, ಮೆಣಸು ಕೊಳ್ಳುವ ಚಾಂದ್ ಪಾಷಾ ಲಾನ್ಸಿಯ ಹಳೆಯ ಗೆಳೆಯ. ಅವನು ಪ್ರತಿ ವರ್ಷ ರಂಜಾನಿನ ಇಪ್ಪತ್ತೊಂಬತ್ತನೇ ಉಪವಾಸದ ದಿನ ತಪ್ಪದೆ ಫೋನ್ ಮಾಡಿ, ಸಂಜೆ ನಾವೆಲ್ಲ ಚಂದ್ರ ನೋಡಬೇಕು, ದಯವಿಟ್ಟು ನಿನ್ನ ಫಿರಂಗಿಯನ್ನು ಹೊರಗೆ ತೆಗೆಯಬೇಡ ಎಂದು ಕೇಳಿಕೊಳ್ಳುತ್ತಿದ್ದ.

ಹೆಂಡತಿ ಮಾರ್ಗರೇಟ್ ಕೂಡ ಒಂದು ಸಲವೂ ಅದಕ್ಕೆ ಕಣ್ಣಿಟ್ಟವಳಲ್ಲ. ಮೊದಲ ವರ್ಷವೇ ಅವಳು ಷರತ್ತು ಹಾಕಿದ್ದಳು. ಈ ಊರಿನಲ್ಲಿ ನಿನ್ನನ್ನು ಬಿಟ್ಟು ಇನ್ನೊಬ್ಬರು, ತಲೆ ಸರಿಯಿರುವ ಯಾರಾದರೂ ಒಬ್ಬರು, ಅದರಲ್ಲಿ ನೋಡಿ ಮತ್ತೆ ನೋಡಬೇಕು ಅನ್ನಲಿ, ಆಮೇಲೆ ನಾನು ಬರುತ್ತೇನೆ ಎಂದಿದ್ದಳು. ಲಾನ್ಸಿಗೂ ಬೇಕಾಗಿದ್ದದ್ದು ಅಷ್ಟೇ. ಅವನಿಗೆ ಹೆಸರು ಬೇಡ, ಶಾಲು ಬೇಡ. ಮತ್ತೆ ನೋಡಬೇಕು ಎನ್ನುವ ಒಬ್ಬ ಮನುಷ್ಯ ಬೇಕಾಗಿತ್ತು. ಹನ್ನೊಂದು ವರ್ಷ ಒಬ್ಬನೇ ನೋಡಿ ನೋಡಿ, ಖುಷಿಯನ್ನೆಲ್ಲ ಒಬ್ಬನೇ ತಿಂದು ಅವನಿಗೆ ಅಜೀರ್ಣವಾಗಿತ್ತು.

ಈ ವರ್ಷ ಮಾರ್ಚ್ ಮುಗಿಯುತ್ತ ಬಂದರೂ ಹೂಮಳೆ ಬೀಳಲಿಲ್ಲ. ಕಾಫಿ ಬೆಳೆಯದವರಿಗೆ ಇದರ ಸಂಕಟ ಅರ್ಥವಾಗುವುದಿಲ್ಲ. ಗಿಡದ ತುಂಬ ಮೊಗ್ಗು ಕಟ್ಟಿ ನಿಂತಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕರಟಿ, ಮುಂದಿನ ವರ್ಷದ ಫಸಲು ಈಗಲೇ ಮುಗಿದಂತೆ. ಎಸ್ಟೇಟಿನ ಸಾಹುಕಾರರಾದ ಶಾಂತಮಲ್ಲಪ್ಪನವರ ಬಳಿ ಸ್ಪ್ರಿಂಕ್ಲರ್ ಇತ್ತು, ಕೆರೆಯಲ್ಲಿ ನೀರಿರಲಿಲ್ಲ. ಅವರು ಅಭಿಷೇಕ ಮಾಡಿಸಿದರು, ಎರಡು ದೇವಸ್ಥಾನಕ್ಕೆ ಹರಕೆ ಹೊತ್ತರು, ಕೊನೆಗೆ ಹಾಸನದ ಜ್ಯೋತಿಷಿಯೊಬ್ಬರ ಮುಂದೆ ಜಾತಕ ಬಿಚ್ಚಿದರು. ಗುರುಬಲ ಇಲ್ಲ ಎಂದು ಉತ್ತರ ಬಂತು. ಎರಡು ವರ್ಷದ ಹಿಂದೆ ಮಗ ಲೋಹಿತನಿಗೆ ಹೆಣ್ಣು ಸಿಗದಿದ್ದಾಗಲೂ ಅದೇ ಉತ್ತರ ಬಂದಿತ್ತು. ಹುಡುಗ ಇನ್ನೂ ಹಾಗೇ ಇದ್ದ.

ಹೀಗಿರುವಾಗ ಮೆಣಸಿನ ಸ್ಯಾಂಪಲ್ ನೋಡಲು ಸ್ಟೋರಿಗೆ ಬಂದ ಚಾಂದ್ ಪಾಷಾ, ಸಾಹುಕಾರರ ಗೋಳನ್ನೆಲ್ಲ ಕೇಳಿಸಿಕೊಂಡು, ಮೂಲೆಯಲ್ಲಿ ಗೋಣಿತಾಟು ಹೊದೆಸಿಟ್ಟಿದ್ದ ಫಿರಂಗಿಯ ಕಡೆ ಕೈ ತೋರಿಸಿದ.

"ಮಳೆಗೆ ಯಾಕೆ ಅಷ್ಟೊಂದು ಅಲೀತೀರ ಸಾಹುಕಾರ್ರೇ? ನಿಮ್ ಸ್ಟೋರಲ್ಲೇ ಗೋಣಿ ಹೊದ್ಕೊಂಡು ಮಲಗೈತಲ್ಲ."

ತಮಾಷೆಗೆ ಹೇಳಿದ ಮಾತು. ಆದರೆ ಮೊಗ್ಗು ಕರಟುತ್ತಿರುವವನಿಗೆ ತಮಾಷೆ ಎಲ್ಲಿ ತಿಳಿಯುತ್ತದೆ? ಶಾಂತಮಲ್ಲಪ್ಪನವರು ಬೆರಳು ಮಡಚಿ ಲೆಕ್ಕ ಹಾಕಿದರು. ಇಪ್ಪತ್ಮೂರಕ್ಕೆ ಇಪ್ಪತ್ಮೂರು. ಇಷ್ಟು ನಂಬಿಕಸ್ತ ದೇವರು ಆ ತಾಲೂಕಿನಲ್ಲೇ ಇರಲಿಲ್ಲ. ಆಗಲೇ ಲಾನ್ಸಿಯನ್ನು ಕರೆಸಿದರು. ಗುರುವಾರ ಸಂಜೆ ಕಣದಲ್ಲಿ ಫಿರಂಗಿ ಹೂಡಬೇಕು, ಎಲ್ಲರನ್ನೂ ಕರೆಯಬೇಕು, ಯಾವತ್ತೂ ಹೇಗೆ ಮಾಡುತ್ತಿದ್ದನೋ ಹಾಗೇ ಮಾಡಬೇಕು, ಒಂದು ಚೂರೂ ಹೆಚ್ಚುಕಮ್ಮಿಯಾಗಕೂಡದು ಎಂದು ಅಪ್ಪಣೆಯಾಯಿತು. ಮೋಡ ಬರದಿದ್ದರೆ ಏನು ಮಾಡುವುದು ಎಂದು ಲಾನ್ಸಿ ಕೇಳಿದ.

"ಬರ್ದಿದ್ರೆ ಆ ಪೈಪು ನರ್ಸರಿಗೆ. ಪೈಪು ಎಸ್ಟೇಟಿಂದೇ ಅಲ್ವೇನ್ರೀ?" ಎಂದರು ಸಾಹುಕಾರರು.

ಲಾನ್ಸಿಗೆ ಅವಮಾನವಾಯಿತು. ಮೋಡ ಬಂದರೆ ಇಪ್ಪತ್ನಾಲ್ಕನೇ ಸಲ ಮೂರ್ಖನಾಗಬೇಕು, ಬರದಿದ್ದರೆ ಫಿರಂಗಿ ಗಿಡಕ್ಕೆ ನೀರು ಹಾಯಿಸಬೇಕು. ಮಳೆ ಬೇಡ ಅನ್ನುವಂತೆಯೂ ಇಲ್ಲ, ತೋಟ ಒಣಗಿದರೆ ಲೈನಿನ ನಲವತ್ತು ಮನೆಯೂ ಒಣಗಿದಂತೆ. ಅವತ್ತು ರಾತ್ರಿ ಮನೆಯಲ್ಲಿ ಜಪಮಾಲೆ ಹಿಡಿದು ಕೂತಾಗ ಏನು ಬೇಡಬೇಕೆಂದೇ ಅವನಿಗೆ ತೋಚಲಿಲ್ಲ. ಕೊನೆಗೆ, ಎಂಟು ಗಂಟೆಯವರೆಗೆ ಆಕಾಶ ತೆರೆದಿರಲಿ, ಎಂಟೂ ಐದಕ್ಕೆ ಬೇಕಾದಷ್ಟು ಸುರಿಯಲಿ ಎಂದು ಬೇಡಿಕೊಂಡ. ಅದನ್ನು ಕೇಳಿಸಿಕೊಂಡ ಮಾರ್ಗರೇಟ್, ದೇವರೇನು ನಿನ್ನ ಆಳಲ್ಲ, ಹೀಗೆ ಟೈಮು ಹಾಕಿ ಕೆಲಸ ಹೇಳುವುದಕ್ಕೆ ಎಂದು ಕೊಂಕಣಿಯಲ್ಲಿ ಗದರಿದಳು.

ಗುರುವಾರ ಸಂಜೆ ಕಣಕ್ಕೆ ಬಂದ ಜನವನ್ನು ಲಾನ್ಸಿ ಎರಡೆರಡು ಸಲ ಎಣಿಸಿದ. ಹನ್ನೊಂದು ವರ್ಷದಲ್ಲಿ ಇಷ್ಟು ಜನ ಬಂದಿರಲಿಲ್ಲ. ಲೈನಿನವರು ಮಕ್ಕಳು ಮರಿ ಸಮೇತ ಬಂದಿದ್ದರು, ಅಕ್ಕಪಕ್ಕದ ತೋಟದವರು ಜೀಪಿನಲ್ಲಿ ಬಂದಿದ್ದರು, ಚಾಂದ್ ಪಾಷಾ ಒಂದು ಬುಟ್ಟಿ ಸಮೋಸ ಹೊತ್ತು ತಂದಿದ್ದ. ಆಮೇಲೆ ಲಾನ್ಸಿ ಸರಿಯಾಗಿ ನೋಡಿದ. ಎಲ್ಲರ ಕೈಯಲ್ಲೂ ಕೊಡೆ ಇತ್ತು. ನಕ್ಷತ್ರ ನೋಡಲು ಕೊಡೆ ಹಿಡಿದುಕೊಂಡು ಬಂದ ಜನ ಭೂಮಿಯ ಮೇಲೆ ಬೇರೆಲ್ಲೂ ಇರಲಾರರು. ಲಕ್ಕಯ್ಯನಂತೂ ಮಧ್ಯಾಹ್ನವೇ ಒಣಹಾಕಿದ್ದ ಮೆಣಸನ್ನು ಆದಷ್ಟು ಬಾಚಿ ಒಳಗಿಟ್ಟು, ಮಿಕ್ಕದ್ದಕ್ಕೆ ಟಾರ್ಪಾಲು ಹೊದೆಸಿ ಕಲ್ಲು ಹೇರಿದ್ದ.

ಆರೂವರೆಗೆ ಸೂರ್ಯ ಮುಳುಗಿದ. ಆಕಾಶದಲ್ಲಿ ಒಂದು ಎಳೆ ಮೋಡವಿಲ್ಲ. ಏಳಾಯಿತು, ನಕ್ಷತ್ರಗಳು ಒಂದೊಂದೇ ಹೊರಬಿದ್ದವು. ಜನರ ಮುಖ ಸಪ್ಪಗಾಗತೊಡಗಿತು. ಬಸ್ಸು ತಡವಾದಾಗ ಏಜೆಂಟನನ್ನು ಕೇಳುವ ಹಾಗೆ, ಇನ್ನೂ ಯಾಕೆ ಬಂದಿಲ್ಲ ಎಂದು ಒಬ್ಬೊಬ್ಬರೂ ಲಾನ್ಸಿಯನ್ನೇ ಕೇಳಿದರು. ನೀನು ಏನೋ ಬೇರೆ ರೀತಿ ಮಾಡುತ್ತಿದ್ದೀಯ, ಅವತ್ತೆಲ್ಲ ಸ್ವೆಟರ್ ಹಾಕುತ್ತಿದ್ದೆ ಎಂದು ಯಾರೋ ನೆನಪಿಸಿದರು. ಲಾನ್ಸಿ ಮನೆಗೆ ಹೋಗಿ ಸ್ವೆಟರ್ ಹಾಕಿಕೊಂಡು ಬಂದ. ಆನೆಗಳು ಮಾರನಹಳ್ಳಿ ಕಡೆ ಇವೆ, ಎಂಟರ ಮೇಲೆ ಯಾರೂ ಹೊರಗಿರಬೇಡಿ ಎಂದು ಆನೆ ಸುದ್ದಿಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು ಬಂತು. ಶಾಂತಮಲ್ಲಪ್ಪನವರು ಕುರ್ಚಿಯಲ್ಲಿ ಕೂತು, ಆಕಾಶ ಬಿಟ್ಟು ಪೈಪಿನ ಉದ್ದ ನೋಡುತ್ತಿದ್ದರು.

ಸುಮ್ಮನೆ ನಿಂತು ಬೈಸಿಕೊಳ್ಳುವುದಕ್ಕಿಂತ ಏನಾದರೂ ಮಾಡೋಣವೆಂದು ಲಾನ್ಸಿ ಫಿರಂಗಿಯನ್ನು ನೆತ್ತಿಯ ಹತ್ತಿರ ಹೊಳೆಯುತ್ತಿದ್ದ ದೊಡ್ಡ ಚುಕ್ಕಿಗೆ ತಿರುಗಿಸಿದ. ಕಾಯುವ ಹೊತ್ತಿಗೆ ಯಾರಾದರೂ ನೋಡಬಹುದು ಎಂದ. ಒಬ್ಬರೂ ಏಳಲಿಲ್ಲ. ಸಮೋಸ ಮುಗಿಯುತ್ತ ಬಂದಿತ್ತು.

"ಏನ್ರೀ ಅದು?" ಎಂದು ಸಾಹುಕಾರರು ಕೂತಲ್ಲಿಂದಲೇ ಕೇಳಿದರು.

"ಗುರು."

"ಯಾವ ಗುರು?"

"ನಿಮ್ ಲೋಹಿತನ ಮದ್ವೆಗೆ ಅಡ್ಡ ನಿಂತವ್ನಲ್ಲ, ಅವನೇ."

ಶಾಂತಮಲ್ಲಪ್ಪನವರು ತಟ್ಟನೆ ಎದ್ದುಬಿಟ್ಟರು. ಎರಡು ವರ್ಷದಿಂದ ಶಾಂತಿ, ಹೋಮ, ದಾನ, ಹಳದಿ ಬಟ್ಟೆ, ಕಡಲೆಬೇಳೆ ಎಂದು ಯಾರ ಹೆಸರಿನಲ್ಲಿ ತಮ್ಮನ್ನು ಕುಣಿಸಲಾಗಿತ್ತೋ ಅವನು ಇಷ್ಟು ಹತ್ತಿರ ಸಿಗುತ್ತಾನೆಂದು ಅವರಿಗೆ ಗೊತ್ತಿರಲಿಲ್ಲ. ಕುಳ್ಳಗಿನ ಆಸಾಮಿ, ಸ್ಟೂಲ್ ತರಿಸಿ ಹತ್ತಿ ಕಣ್ಣಿಟ್ಟರು. ಒಂದು ಕಣ್ಣು ಮುಚ್ಚಿ, ಬಿಟ್ಟು, ಮತ್ತೆ ಮುಚ್ಚಿ ನೋಡಿದರು. ಲಾನ್ಸಿ ಸ್ಟೂಲನ್ನು ಅಲುಗದ ಹಾಗೆ ಹಿಡಿದು ನಿಂತ. ಮೊದಲ ಮನುಷ್ಯ. ಹನ್ನೊಂದು ವರ್ಷಕ್ಕೆ ಮೊದಲ ಮನುಷ್ಯ.

"ಇವ್ನೇನಾ?" ಎಂದರು ಕೊನೆಗೆ, ದನಿ ತಗ್ಗಿಸಿ. ಹೊಟ್ಟೆಗೆ ಅಡ್ಡಪಟ್ಟಿ ಕಟ್ಟಿಕೊಂಡು ದುಂಡಗಿದ್ದಾನೆ ಎಂದರು. ಪಕ್ಕದಲ್ಲಿ ಸಾಲಾಗಿ ಮೂರು ಚುಕ್ಕಿ ಏನು ಎಂದು ಕೇಳಿದರು. ಅವು ಅವನ ಚಂದ್ರಗಳು, ಹೀಗೆ ನೋಡಿದರೆ ಕಾಣುವ ದೊಡ್ಡವು ನಾಲ್ಕು ಎಂದು ಲಾನ್ಸಿ ಹೇಳಿದ. ನಾಲ್ಕಲ್ಲ, ಮೂರು ಎಂದರು ಸಾಹುಕಾರರು. ನಾಲ್ಕು ಎಂದ ಲಾನ್ಸಿ.

ಅಲ್ಲಿಗೆ ಸಾಹುಕಾರರ ಒಳಗಿನ ಸಾಹುಕಾರರು ಎಚ್ಚೆತ್ತರು. ಅವರು ಮಸೂರದಿಂದ ಕಣ್ಣು ತೆಗೆದು ಲಾನ್ಸಿಯತ್ತ ತಿರುಗಿದರು.

"ಮೂರಾಳು ಬಂದ್ರೆ ನಾಲ್ಕು ಅಂತ ಹಾಜರಿ ಬರೆಯೋ ರೈಟ್ರುಗಳನ್ನ ನಾನು ಬೇಕಾದಷ್ಟು ನೋಡಿವ್ನಿ ಕಣ್ರೀ."

ಕಣದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎಸ್ಟೇಟ್ ರೈಟರಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಬಾರದ ಆಳನ್ನು ಬಂದ ಎಂದು ಬರೆದು ಕೆಲಸ ಕಳೆದುಕೊಂಡ ರೈಟರುಗಳ ಕಥೆ ಪ್ರತಿ ಎಸ್ಟೇಟಿನಲ್ಲೂ ಒಂದೆರಡು ಇರುತ್ತವೆ. ಮೂವತ್ತು ವರ್ಷದಲ್ಲಿ ಲಾನ್ಸಿ ಒಂದು ಸುಳ್ಳು ಹಾಜರಿಯನ್ನೂ ಬರೆದವನಲ್ಲ. ಜ್ವರ ಬಂದು ಮಲಗಿದ್ದ ದಿನ ತನ್ನದೇ ಹೆಸರಿನ ಮುಂದೆ ಗೈರು ಎಂದು ಬರೆದುಕೊಂಡಿದ್ದವನು. ಅವನಿಗೆ ಮೋಡ, ಮಳೆ, ಫಿರಂಗಿ ಎಲ್ಲ ಮರೆತುಹೋಗಿ ಬರೀ ಸಿಟ್ಟು ಉಳಿಯಿತು. ಜೇಬಿನಿಂದ ಚೀಟಿ ತೆಗೆದ. ಅದರಲ್ಲಿ ಗುರುವಿನ ಚಂದ್ರಗಳು ಮರೆಯಾಗುವ, ಹೊರಬರುವ ಅವತ್ತಿನ ವೇಳಾಪಟ್ಟಿ ಬರೆದುಕೊಂಡಿದ್ದ.

"ನಾಲ್ಕನೇದು ಗುರುವಿನ ನೆರಳಲ್ಲೈತೆ ಸಾಹುಕಾರ್ರೇ, ಅದಕ್ಕೆ ಕಾಣ್ತಿಲ್ಲ. ಏಳೂ ನಲವತ್ತೊಂದಕ್ಕೆ ನೆರಳು ಬಿಟ್ಟು ಆಚೆ ಬರ್ತೈತೆ. ಬರ್ದಿದ್ರೆ ಪೈಪು ನೀವೇ ತಗೊಳ್ಳಿ, ಹಾಜರಿ ಪುಸ್ತಕಾನೂ ತಗೊಳ್ಳಿ."

ಆಗ ಗಂಟೆ ಏಳೂ ಇಪ್ಪತ್ತೆರಡು. ಶಾಂತಮಲ್ಲಪ್ಪನವರು ಮತ್ತೆ ಕಣ್ಣಿಟ್ಟರು, ಮತ್ತೆ ತೆಗೆಯಲಿಲ್ಲ. ಇಷ್ಟು ಹೊತ್ತು ಸಮೋಸ ತಿಂದುಕೊಂಡಿದ್ದ ಜನಕ್ಕೆ ಈಗ ಕುತೂಹಲ ಹತ್ತಿತು. ಲಕ್ಕಯ್ಯ ಬಂದು ಹಿಂದೆ ನಿಂತ, ಅವನ ಹಿಂದೆ ಚಾಂದ್ ಪಾಷಾ, ಅವನ ಹಿಂದೆ ಅರ್ಧ ಲೈನು. ಒಂದು ಸಲ ಬಿಡಿ ಎಂದು ಎಷ್ಟು ಕೇಳಿದರೂ ಸಾಹುಕಾರರು ಜಾಗ ಬಿಡಲಿಲ್ಲ. ನಾನು ಕಣ್ಣು ತೆಗೆದರೆ ಆ ಸಂದಿಯಲ್ಲಿ ರೈಟರು ಏನಾದರೂ ಮಾಡಿ ನಾಲ್ಕು ಮಾಡಿಬಿಡುತ್ತಾನೆ ಎಂದರು. ಗುರು ಪದೇಪದೇ ಅಂಚಿಗೆ ಜಾರುತ್ತಿದ್ದ. ಓಡಿಹೋಗುತ್ತಾ ಇದ್ದಾನೆ, ಹಿಡೀರಿ ಎಂದು ಸಾಹುಕಾರರು ಕೂಗುವುದು, ಓಡುತ್ತಿರುವುದು ಅವನಲ್ಲ, ನಾವು ಎಂದು ಹೇಳುತ್ತ ಲಾನ್ಸಿ ಪೈಪನ್ನು ಒಂದು ಕೂದಲಿನಷ್ಟು ಸರಿಸುವುದು, ಹೀಗೇ ನಡೆಯಿತು.

ಏಳೂ ಮೂವತ್ತರ ಹೊತ್ತಿಗೆ ಶಿರಾಡಿ ಘಾಟಿಯ ಕಡೆ ಮಿಂಚಿತು. ತಣ್ಣನೆಯ ಗಾಳಿ ಬೀಸಿ ಸಿಲ್ವರ್ ಮರಗಳ ತುದಿ ಅಲುಗಿತು. ಕಣದಲ್ಲಿ ಗುಸುಗುಸು ಎದ್ದಿತು. ಪಶ್ಚಿಮದ ನಕ್ಷತ್ರಗಳು ಒಂದೊಂದೇ ಆರುತ್ತ ಬಂದವು. ಬಂತು, ಬಂತು ಎಂದು ಹೆಂಗಸರು ಕೈಮುಗಿದರು. ಚಾಂದ್ ಪಾಷಾ ಲಾನ್ಸಿಯ ಭುಜ ತಟ್ಟಿ, ಲಾನ್ಸಣ್ಣ, ನಿನಗೆ ದೇವಸ್ಥಾನ ಕಟ್ಟಿಸುತ್ತಾರೆ ನೋಡು ಎಂದ. ಲಾನ್ಸಿ ಗಡಿಯಾರ ನೋಡಿದ, ಮೋಡ ನೋಡಿದ, ಮತ್ತೆ ಗಡಿಯಾರ ನೋಡಿದ. ಅವನಿಗೆ ಮಳೆಯೂ ಬೇಕು ಅನಿಸುತ್ತಿತ್ತು, ಇನ್ನು ಹತ್ತು ನಿಮಿಷವೂ ಬೇಕು ಅನಿಸುತ್ತಿತ್ತು. ಎರಡೂ ಬೇಕು ಅನ್ನುವುದು ದುರಾಸೆ ಎಂದು ಗೊತ್ತಿದ್ದೂ ಬೇಕಾಗಿತ್ತು.

ಏಳೂ ಮೂವತ್ತೆಂಟಕ್ಕೆ ಮೊದಲ ಹನಿ ಬಿತ್ತು. ನಾಣ್ಯದಷ್ಟು ದಪ್ಪನೆಯ ಹನಿ. ಮರುಗಳಿಗೆಗೆ ಹತ್ತು, ಆಮೇಲೆ ಲೆಕ್ಕವಿಲ್ಲ. ಒಣಗಿದ ಮಣ್ಣಿನ ವಾಸನೆ ಮೂಗಿಗೆ ಅಡರಿತು. ಕೊಡೆ ತಂದವರು ಕೊಡೆ ಬಿಚ್ಚುವುದನ್ನು ಮರೆತು ನೆನೆದರು. ಲಕ್ಕಯ್ಯ ಕಣದ ನಡುವೆ ನಿಂತು ಟವೆಲ್ ಬೀಸುತ್ತ ಕುಣಿಯುತ್ತಿದ್ದ, ಪಕ್ಕದ ತೋಟದವರು ಜೀಪಿನ ಹಾರನ್ ಹೊಡೆಯುತ್ತಿದ್ದರು. ಲಾನ್ಸಿ ಮೆಣಸಿನ ಮೇಲಿದ್ದ ಒಂದು ಟಾರ್ಪಾಲು ಎಳೆದು ತಂದು ಫಿರಂಗಿಯ ಬಾಯಿಗೆ ಮುಚ್ಚಲು ಹೋದ. ಅಲ್ಲಿ ಸ್ಟೂಲಿನ ಮೇಲೆ ಶಾಂತಮಲ್ಲಪ್ಪನವರು ಇನ್ನೂ ಬಗ್ಗಿಕೊಂಡೇ ಇದ್ದರು. ಬೆನ್ನ ಮೇಲೆ ಮಳೆ ಹರಿಯುತ್ತಿತ್ತು, ಪೈಪಿನೊಳಗೆ ಕತ್ತಲು ಬಿಟ್ಟು ಏನೂ ಇರಲಿಲ್ಲ.

ಅವರು ತಲೆಯೆತ್ತಿ ಮೋಡವನ್ನು ನೋಡಿದರು. ಎರಡು ತಿಂಗಳಿನಿಂದ ಈ ಮೋಡಕ್ಕಾಗಿ ಕಂಡಕಂಡ ದೇವರ ಕಾಲು ಹಿಡಿದಿದ್ದ ಮನುಷ್ಯ.

"ಥೂ ಹಾಳು ಮಳೆ," ಎಂದರು. "ಇನ್ನು ಮೂರು ನಿಮಿಷ ತಡ್ಕೊಂಡಿದ್ರೆ ಗಂಟೇನು ಹೋಗ್ತಿತ್ತು ಇದರದ್ದು?"

ಲಕ್ಕಯ್ಯ ಕುಣಿಯುವುದನ್ನು ನಿಲ್ಲಿಸಿದ. ಹಾರನ್ ಹೊಡೆಯುತ್ತಿದ್ದವರೂ ನಿಲ್ಲಿಸಿದರು. ಸಾಹುಕಾರರ ಮುಖದಲ್ಲಿ ನಿಜವಾದ ಸಂಕಟವಿತ್ತು, ಮೊಗ್ಗು ಕರಟುವಾಗ ಇದ್ದ ಅದೇ ಸಂಕಟ. ಲಾನ್ಸಿಗೆ ಅಳು ಬಂದುಬಿಟ್ಟಿತು. ಮಳೆಯಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಮತ್ತೆ ಯಾವತ್ತು ಇದು ಹೀಗೆ ಬರುತ್ತದೆ ಎಂದು ಸಾಹುಕಾರರು ಕೇಳಿದರು. ಒಂದು ವಾರ ಬಿಟ್ಟು ಇನ್ನೊಂದು ಸಲ ನೋಡಬಹುದು ಎಂದು ಲಾನ್ಸಿ ಹೇಳಿದ. ನೋಡಲೇಬೇಕು, ನಾನು ಬರುತ್ತೇನೆ, ಆದರೆ ಈ ಜನಕ್ಕೆಲ್ಲ ಹೇಳಬೇಡಿ, ಮತ್ತೆ ಮಳೆ ಬಂದುಬಿಡುತ್ತದೆ ಎಂದರು.

ಮಾರ್ಗರೇಟ್ ಮನೆಯಿಂದ ಕೊಡೆ ಹಿಡಿದು ಬಂದಿದ್ದವಳು ಅಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಕೊಡೆಯನ್ನು ಗಂಡನ ತಲೆಗೆ ಹಿಡಿಯದೆ ಫಿರಂಗಿಯ ಮೇಲೆ ಹಿಡಿದಳು. ಒಂದು ವಾರ ಬಿಟ್ಟು ಎಷ್ಟು ಗಂಟೆಗೆ ಎಂದು ಮೆಲ್ಲಗೆ ಕೊಂಕಣಿಯಲ್ಲಿ ಕೇಳಿದಳು.

ಲಾನ್ಸಿ ಕೈಗಡಿಯಾರದ ಮೇಲಿನ ನೀರು ಒರೆಸಿ ಮುಳ್ಳನ್ನೇ ನೋಡುತ್ತಿದ್ದ. ಶಾಂತಮಲ್ಲಪ್ಪನವರೂ ಸ್ಟೂಲಿನಿಂದ ಇಳಿದು ಬಂದು ಅದೇ ಗಡಿಯಾರದ ಮೇಲೆ ಬಗ್ಗಿದರು. ಮೂವರೂ ಕಾದರು. ಮೇಲೆ ಗುಡುಗುತ್ತಿತ್ತು.

"ಈಗ ಬಂತು ಸಾಹುಕಾರ್ರೇ," ಎಂದ ಲಾನ್ಸಿ. "ನಾಲ್ಕನೇದು."

ಶಾಂತಮಲ್ಲಪ್ಪನವರು ಕತ್ತೆತ್ತಿ, ಕಪ್ಪಗೆ ಮುಚ್ಚಿಕೊಂಡಿದ್ದ ಆಕಾಶವನ್ನು ಒಂದು ಗಳಿಗೆ ನೋಡಿದರು. ಕಣ್ಣಿಗೆ ಬಿದ್ದ ನೀರು ಒರೆಸಿಕೊಂಡು ತಲೆಯಾಡಿಸಿದರು.

"ಹಂಗಾದ್ರೆ ಹಾಜರಿ ಬರ್ಕೊಳ್ಳಿ ರೈಟ್ರೇ," ಎಂದರು.